ಟಿವಿಯೊಳಗೆ ಹಿಡಿಯದ ಬಿರಾಗೊ

ತನ್ನ ಕೈ ಮುಟ್ಟಿದ ಯಾವ ಫೋಟೋವೂ ಟಿವಿಯ ಮೇಲೆ ಕೂದಲೆಳೆಯಷ್ಟು ಜಾಗವನ್ನೂ ಖಾಲಿ ಬಿಟ್ಟಿಲ್ಲ ಎಂದು ಕ್ವಾಕು ಸಿಂತಿಮ್ ಕುಮಾಸಿ ನಗರದ ಬಂತಾಮ ಬಡಾವಣೆಯ ಬೀದಿ ಬೀದಿಯಲ್ಲಿ ಸಾರಿಕೊಂಡಿದ್ದ. ಸಾರಲು ಅವನಿಗೆ ಡೋಲು ಬೇಕಿರಲಿಲ್ಲ. ಅವನು ಬಂತಾಮದಲ್ಲಿ ಕೆಮ್ಮಿದರೆ ಕೆಜೆತಿಯಾ ಮಾರುಕಟ್ಟೆಯಲ್ಲಿ ಕೋಳಿಗಳು ಬೆಚ್ಚುತ್ತಿದ್ದವು.

"ಬೇರೆಯವ್ರು ಮಾಡಿದ್ದು ನೋಡಿದ್ದೀರಾ? ಆ ಕಡೆ ಒಂದು ಕರೀ ಪಟ್ಟಿ, ಈ ಕಡೆ ಒಂದು ಕರೀ ಪಟ್ಟಿ. ದರಿದ್ರ. ಅರಮನೆ ಕಟ್ಟಿ ಬಚ್ಚಲಲ್ಲಿ ಮಲಗಿದಂಗೆ. ನನ್ನ ಹತ್ರ ಬಂದವರು ಅಂಚಿಂದ ಅಂಚಿಗೆ ತುಂಬ್ಕೊಂಡು ಕೂತಿರ್ತಾರೆ."

ಸಿಂತಿಮ್ ಮೊದಲು ಸ್ಟುಡಿಯೋ ಇಟ್ಟುಕೊಂಡಿದ್ದವನು. ಮೇಕೆಗಳನ್ನು ಬಿಟ್ಟು ಕುಮಾಸಿಯ ಸಕಲ ಜೀವಿಗಳ ಕೈಗೂ ಫೋನು ಬಂದ ಮೇಲೆ ಅವನ ಕ್ಯಾಮೆರಾವನ್ನು ಕೇಳುವವರೇ ಇಲ್ಲವಾದರು. ಅಷ್ಟರಲ್ಲಿ ಸಾವಿನ ಮನೆಗಳಿಗೆ ಗೋಡೆಯಗಲದ ಟಿವಿ ಬಂತು. ಶನಿವಾರದ ಶವಸಂಸ್ಕಾರದ ಸಭೆಗೆ ಶಾಮಿಯಾನ, ಕುರ್ಚಿ, ಡೋಲು ಹೇಗೋ ಹಾಗೆ ಟಿವಿಯೂ ಬೇಕು; ಅದರಲ್ಲಿ ಸತ್ತವರ ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತಿರಬೇಕು. ತಾನು ಹುಟ್ಟಿದ್ದೇ ಇದಕ್ಕೆ ಎಂದು ಸಿಂತಿಮ್‌ಗೆ ಆ ದಿನವೇ ಗೊತ್ತಾಯಿತು. ಹಾಸಿಗೆಯಲ್ಲಿ ಸುತ್ತಿದ ಟಿವಿಯನ್ನು ಬಾಣಂತಿಯ ಹಾಗೆ ವ್ಯಾನಿನಲ್ಲಿ ಮಲಗಿಸಿ, ಪೆನ್‌ಡ್ರೈವನ್ನು ತಾಯಿತದಂತೆ ಕೊರಳಿಗೆ ಕಟ್ಟಿಕೊಂಡು ಊರೂರು ಸುತ್ತತೊಡಗಿದ.

ಕೆಲಸವನ್ನು ಮಾತ್ರ ಅವನು ತಮಾಷೆಗೆ ಮಾಡುತ್ತಿರಲಿಲ್ಲ. ಹಳೆಯ ಫೋಟೋವನ್ನು ಸ್ಕ್ಯಾನ್ ಮಾಡಿ, ಜಿರಳೆ ತಿಂದ ಕಿವಿಯನ್ನು ಮತ್ತೆ ಬೆಳೆಸುತ್ತಿದ್ದ. ಟಿವಿ ಚಿತ್ರದ ಅಂಚನ್ನು ಒಂದಿಷ್ಟು ನುಂಗುತ್ತದೆಂದು ಯಾರ ತಲೆಯೂ ಅಂಚಿಗೆ ತಾಗದಂತೆ ಕೂರಿಸುತ್ತಿದ್ದ. ಒಂದೊಂದು ಚಿತ್ರವನ್ನೂ ಒಂದು ನಿಟ್ಟುಸಿರು ಬಿಡುವಷ್ಟು ಹೊತ್ತು ನಿಲ್ಲಿಸುತ್ತಿದ್ದ. ಸಾಲ ತೀರಿಸದೆ ಸತ್ತವರಿಗೆ ಅರ್ಧ ನಿಟ್ಟುಸಿರು.

ತೊಡಕು ಒಂದೇ. ಟಿವಿ ಅಡ್ಡಗಲ, ಹಳೆಯ ಫೋಟೋಗಳು ನಿಂತ ಉದ್ದ. ಅದಕ್ಕೆ ಸಿಂತಿಮ್‌ನ ಮದ್ದೂ ಒಂದೇ: ಎರಡೂ ಪಕ್ಕಕ್ಕೆ ಹಿಡಿದು ಎಳೆಯುವುದು. ಗಾಳಿಗೆ ಹಾರುವಂತಿದ್ದ ಶಾಲಾ ಮೇಷ್ಟ್ರು ಅವನ ಕೈಯಲ್ಲಿ ಕೋಕೋ ತೋಟದ ಧಣಿಯಾಗುತ್ತಿದ್ದ. ಮನೆಯವರಿಗೆ ಇದರಿಂದ ಹಿಗ್ಗೇ ಹಿಗ್ಗು. ನಮ್ಮ ಕಡೆ ಯಾರಾದರೂ ಬಡಕಲಾಗಿ ಸತ್ತರೆ ಮನೆಯವರು ಫುಫು ಮುದ್ದೆ ಹಾಕಲಿಲ್ಲವೆಂದು ನೆಂಟರು ವರ್ಷವಿಡೀ ಆಡಿಕೊಳ್ಳುತ್ತಾರೆ. ಸಿಂತಿಮ್ ಕಾಲಿಟ್ಟ ಮೇಲೆ ಬಂತಾಮದಲ್ಲಿ ತೆಳ್ಳಗಿನವರು ಸಾಯುವುದೇ ನಿಂತುಹೋಯಿತು.

ಹೀಗಿರುವಾಗ ಕೋನಾಮಾ ಬಂದಳು. ಅವಳ ತಾಯಿ ಬಿರಾಗೊ ಮುದುಕಿ ತೀರಿಕೊಂಡು ಆಗಷ್ಟೇ ವಾರ ಕಳೆದಿತ್ತು, ದೇಹ ಶವಾಗಾರದಲ್ಲಿ ಶನಿವಾರಕ್ಕೆ ಕಾಯುತ್ತಿತ್ತು. ಕೋನಾಮಾ ಉಟ್ಟ ಬಟ್ಟೆಯ ಮಡಿಕೆಯೊಳಗಿಂದ, ತಾಯಿಯ ಪೆಟ್ಟಿಗೆಯಲ್ಲಿ ಈಗಷ್ಟೇ ಸಿಕ್ಕಿದ್ದ ಒಂದು ಹಳೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

ಬಿರಾಗೊ ಬೋಗುಣಿ ಮಾರುತ್ತಿದ್ದವಳು. ಎನಾಮಲ್ ಬೋಗುಣಿಗಳನ್ನು ಒಂದರ ಮೇಲೊಂದು ತಲೆಯ ಮೇಲೆ ಪೇರಿಸಿಕೊಂಡು ಊರಿಂದೂರಿಗೆ ನಡೆದವಳು. ಆ ಹೊರೆ ಅವಳಷ್ಟೇ ಎತ್ತರವಿತ್ತಂತೆ, ಕೈ ಹಿಡಿಯದೆ ನಡೆಯುತ್ತಿದ್ದಳಂತೆ. ಈ 'ಅಂತೆ'ಗಳನ್ನು ಕೇಳಿ ಕೇಳಿ ಮೊಮ್ಮಕ್ಕಳು ನಗುತ್ತಿದ್ದರು. ಕುಲದ ಹಿರಿಯ ಬಾದು ಅಂತೂ, ಬಿರಾಗೊಳ ಹೊರೆ ವರ್ಷಕ್ಕೊಂದು ಬೋಗುಣಿ ಬೆಳೆಯುತ್ತದೆ, ಇನ್ನು ಸ್ವಲ್ಪ ದಿನಕ್ಕೆ ಚಂದ್ರನಿಗೆ ತಾಗುತ್ತದೆ ಎಂದು ಎಲ್ಲರೆದುರು ಹಂಗಿಸಿದ್ದ. ಕೋನಾಮಾಳಿಗೆ ಬೇಕಿದ್ದದ್ದು ಇಷ್ಟೇ: ಮಣ್ಣಿಗೆ ಹೋಗುವ ಮೊದಲು ತನ್ನ ತಾಯಿ ಸುಳ್ಳುಗಾತಿಯಲ್ಲ ಎಂದು ಊರು ನೋಡಬೇಕು.

"ಪೂರ್ತಿ ಬರ್ಬೇಕು ಸಿಂತಿಮಣ್ಣ. ಪಾದದಿಂದ ಮೇಲಿನ ಬೋಗುಣಿವರೆಗೆ."

"ನನಗೆ ಹೇಳ್ಕೊಡ್ತೀಯಾ ತಂಗಿ? ನಾಳೆ ಬಾ."

ಸಿಂತಿಮ್ ಫೋಟೋವನ್ನು ಸ್ಕ್ಯಾನ್ ಮಾಡಿ ಟಿವಿಗೆ ಹಾಕಿ ಎಂದಿನಂತೆ ಎಳೆದ. ಬೋಗುಣಿಗಳು ಲಾರಿ ಚಕ್ರಗಳಾದವು. ಬಿರಾಗೊ ಆ ಲಾರಿಯೇ ಆದಳು. ಹೊರೆ ಎತ್ತರ ಕಳೆದುಕೊಂಡು ತಟ್ಟೆಯಂತೆ ಅಗಲಕ್ಕೆ ಕೂತಿತು. ಎಳೆಯುವುದನ್ನು ಬಿಟ್ಟು ಟಿವಿ ತುಂಬುವಂತೆ ಹಿಗ್ಗಿಸಿ ಕತ್ತರಿಸಿದ. ಮೇಲಿನ ಭಾಗ ಇಟ್ಟರೆ ಬೋಗುಣಿಗಳು ಯಾರ ಹಂಗೂ ಇಲ್ಲದೆ ಆಕಾಶದಲ್ಲಿ ತೇಲಿದವು. ಕೆಳಗಿನ ಭಾಗ ಇಟ್ಟರೆ ಟೋಪಿ ಹಾಕಿದ ಹೆಂಗಸೊಬ್ಬಳು ಬಸ್ಸಿಗೆ ಕಾಯುತ್ತಿದ್ದಳು.

ಮಾರನೆಯ ದಿನ ಕೋನಾಮಾ ಬಂದಾಗ ಅವನು ಇನ್ನೊಂದು ಉಪಾಯ ತೋರಿಸಿದ. ಪಾದದಿಂದ ಶುರುವಾಗಿ ಚಿತ್ರ ಮೆಲ್ಲಗೆ ಮೇಲಕ್ಕೆ ಸರಿಯುತ್ತ ಹೋಗಿ ಕೊನೆಯ ಬೋಗುಣಿಗೆ ನಿಂತಿತು.

"ಹೆಂಗೆ? ಪಾದವೂ ಬಂತು, ಬೋಗುಣಿಯೂ ಬಂತು."

ಕೋನಾಮಾ ತಲೆಯಾಡಿಸಿದಳು. "ಅಣ್ಣ, ನಮ್ಮವ್ವ ಕಂತಲ್ಲಿ ಹೊತ್ತಿದ್ದಲ್ಲ."

"ಹಂಗಾದ್ರೆ ಟಿವೀನ ನೆಟ್ಟಗೆ ನಿಲ್ಲಿಸ್ಲಾ? ಉಳಿದ ಫೋಟೋದವರೆಲ್ಲ ಅಡ್ಡ ಮಲಗ್ತಾರೆ."

"ಪಕ್ಕಕ್ಕೆ ಜಾಗ ಬಿಡೋಕಾಗಲ್ವಾ?"

"ಅದೊಂದು ಬಿಟ್ಟು ಏನಾದ್ರೂ ಕೇಳು. ಬೇಕಾದ್ರೆ ಎರಡೂ ಕಡೆ ಹೂವಿನ ಗೊಂಚಲು ಹಾಕ್ತೀನಿ."

"ಅವಳು ಹೂ ಮಾರ್ತಿರ್ಲಿಲ್ಲ," ಎಂದು ಕೋನಾಮಾ ಎದ್ದು ಹೋದಳು.

ಸಿಟ್ಟಿನಿಂದ ಸಿಂತಿಮ್ ಫೋಟೋವನ್ನು ಇದ್ದ ಹಾಗೆಯೇ, ಎಳೆಯದೆ ಕತ್ತರಿಸದೆ ಟಿವಿಯ ನಡುವೆ ನಿಲ್ಲಿಸಿದ. ಎಷ್ಟು ದರಿದ್ರವಾಗಿ ಕಾಣುತ್ತದೆಂದು ತಾನೇ ನೋಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ನೋಡಿದವನು ಕುರ್ಚಿಗಾಗಿ ಹಿಂದೆ ತಡಕಾಡಿದ.

ಬಿರಾಗೊ ನಿಂತಿದ್ದಳು. ಬರಿಗಾಲಿನ ಹತ್ತೂ ಬೆರಳುಗಳು ಹರಡಿ ನೆಲವನ್ನು ಕಚ್ಚಿ ಹಿಡಿದಿದ್ದವು. ಕೊರಳಿನ ನರ ಹಗ್ಗದಂತೆ ಬಿಗಿದಿತ್ತು, ಕೈಗಳು ಮಾತ್ರ ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿದ್ದವು. ತುಟಿಯಲ್ಲಿ ಹಲ್ಲುಜ್ಜುವ ಕಡ್ಡಿ. ಅದರ ಸುತ್ತ ಒಂದು ನಗು. ಅಲ್ಲಿಂದ ಮೇಲೆ ಬೋಗುಣಿಯ ಮೇಲೆ ಬೋಗುಣಿ, ಒಂದೊಂದರ ನೀಲಿ ಅಂಚಿನಲ್ಲೂ ಅಂದಿನ ಬಿಸಿಲು. ಆ ಗೋಪುರ ಕೂದಲಷ್ಟೂ ವಾಲಿರಲಿಲ್ಲ. ಅದು ಟಿವಿಯ ಮೇಲಂಚಿಗೆ ಬಂದು ನಿಂತದ್ದು, ಸಾಕಪ್ಪ ಎಂದು ದೇವರೇ ಕೈ ಅಡ್ಡ ಹಿಡಿದಂತೆ ಕಾಣುತ್ತಿತ್ತು. ಇಷ್ಟು ವರ್ಷ ತೆಳ್ಳಗಿನವರನ್ನೆಲ್ಲ ದಪ್ಪ ಮಾಡಿದ ಸಿಂತಿಮ್, ತೆಳ್ಳಗಿನ ಒಬ್ಬಳು ಇಷ್ಟು ದೊಡ್ಡವಳಾಗಿರುವುದನ್ನು ಕಂಡದ್ದು ಇದೇ ಮೊದಲು. ಒಂದು ಸಲ ಎಳೆಯಲು ಕೈಯೆತ್ತಿದ. ಕೈ ಅರ್ಧಕ್ಕೇ ನಿಂತಿತು.

ಶನಿವಾರ ಶಾಮಿಯಾನದ ತುಂಬ ಜನ, ಎಲ್ಲರ ಮೈಮೇಲೂ ಸಾವಿಗೆ ಉಡುವ ಕಪ್ಪು ಬಟ್ಟೆ, ಹತ್ತಿರದವರಿಗೆ ಕೆಂಪು. ಬಿರಾಗೊ ಮಂಚದ ಮೇಲಿದ್ದ ಕಡೆಯ ವರ್ಷಗಳ ಚಿತ್ರಗಳು ಸರಿದವು. ಜನ ಮಾತಾಡುತ್ತ, ತಿನ್ನುತ್ತ, ಡೋಲಿಗೆ ತಲೆದೂಗುತ್ತ ಇದ್ದರು. ಆಮೇಲೆ ಈ ಚಿತ್ರ ಬಂತು.

ಡೋಲು ಬಡಿಯುವವನ ಕೋಲು ಮೇಲೆದ್ದದ್ದು ಕೆಳಗಿಳಿಯಲಿಲ್ಲ. ಮುನ್ನೂರು ಕುತ್ತಿಗೆಗಳು ಪಾದದಿಂದ ಹೊರಟು ಒಟ್ಟಿಗೆ ಮೇಲಕ್ಕೆ ಏರಿದವು, ಏರುತ್ತಲೇ ಹೋದವು. ಹೊರಗೆ ಕಟ್ಟಿದ್ದ ಮೇಕೆ ಮೆಲುಕು ಹಾಕುವುದನ್ನು ನಿಲ್ಲಿಸಿತೆಂದು ಕಂಡವರು ಇಂದಿಗೂ ಆಣೆ ಮಾಡುತ್ತಾರೆ. ಮೊಮ್ಮಗನೊಬ್ಬ ಬೋಗುಣಿಗಳನ್ನು ಎಣಿಸಲು ಹೊರಟು ನಡುವೆಯೇ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದ. ಮುಂದಿನ ಸಾಲಿನಿಂದ ಬಿರಾಗೊಳ ಜೊತೆ ನಡೆದಿದ್ದ ಮುದುಕಿಯೊಬ್ಬಳು ಎದ್ದು ನಿಂತು, ತನ್ನ ತಲೆಯ ಮೇಲೆ ಇಲ್ಲದ ಹೊರೆಯನ್ನು ಸರಿಮಾಡಿಕೊಂಡಳು.

"ಆ ಹಾದೀಲಿ ನಾನು ಅವಳ ನೆರಳಲ್ಲಿ ನಡೀತಿದ್ದೆ," ಎಂದಳು. "ಬೋಗುಣಿ ನೆರಳಲ್ಲಿ. ಬಿಸಿಲೇ ತಾಗ್ತಿರ್ಲಿಲ್ಲ."

ಕೋನಾಮಾ ಅಳಲಿಲ್ಲ. ತಾಯಿಯ ಹಾಗೆ ಕೊರಳು ನೆಟ್ಟಗೆ ಮಾಡಿ ಕೂತಳು. ಸಿಂತಿಮ್ ಆ ಚಿತ್ರವನ್ನು ಹತ್ತು ನಿಟ್ಟುಸಿರುಗಳಷ್ಟು ಹೊತ್ತು ಬಿಟ್ಟ; ಮುಂದಿನದಕ್ಕೆ ಹೋಗಲು ಅವನ ಬೆರಳೇ ಒಪ್ಪಲಿಲ್ಲ.

ಹಿರಿಯ ಬಾದು ಬಾಯಿ ತೆರೆದದ್ದು ಎಲ್ಲರಿಗಿಂತ ತಡವಾಗಿ. ಹೊರೆಯ ಬಗ್ಗೆ ಹೇಳಲು ಅವನಿಗೆ ಏನೂ ಉಳಿದಿರಲಿಲ್ಲ. ಆದರೂ ಕುಲದ ಹಿರಿಯ ಸುಮ್ಮನೆ ಹೋಗಲಾದೀತೇ? ಕೋಲೂರಿಕೊಂಡು ಟಿವಿಯ ಹತ್ತಿರ ಬಂದು, ಬಿರಾಗೊಳ ಎಡಕ್ಕೂ ಬಲಕ್ಕೂ ಇದ್ದ ಕಪ್ಪು ಪಟ್ಟಿಗಳನ್ನು ಕೋಲಿನಿಂದ ತೋರಿಸಿದ.

"ಏನಯ್ಯಾ ಸಿಂತಿಮ್, ಕೂದಲೆಳೆಯಷ್ಟೂ ಬಿಡಲ್ಲ ಅಂತಿದ್ದೆ. ನೋಡು, ಎರಡೂ ಕಡೆ ಬಾಗಿಲಷ್ಟು ಬಿಟ್ಟಿದ್ದೀಯ. ಏನಿದು ಕಪ್ಪು?"

ಸಿಂತಿಮ್ ಟಿವಿಯಿಂದ ಕಣ್ಣು ಕೀಳದೆ ಹೇಳಿದ: "ಸಾವಿನ ಮನೆ ಅಲ್ವಾ ಯಜಮಾನ್ರೇ. ಟಿವೀನೂ ಕಪ್ಪು ಉಟ್ಕೊಂಡು ಬಂದಿದೆ."