ಕಕ್ಕಸಿನ ಕ್ಯಾಲೆಂಡರಿಗೆ ಸೇರಿದ ಮೂವರು

ನನ್ನ ತಮ್ಮ ಗೆರ್ಬೆನ್ ಹಾರ್ಲಿಂಗೆನ್ ಪಟ್ಟಣದಲ್ಲಿ ಮೂವತ್ತೆಂಟು ವರ್ಷ ಟಪಾಲು ಹಂಚಿದವನು. ಪ್ರತಿ ಬಾಗಿಲಿನ ಸಂಖ್ಯೆ, ಆ ಬಾಗಿಲ ಹಿಂದಿನ ನಾಯಿಯ ಸ್ವಭಾವ, ಆ ಮನೆಗೆ ವರ್ಷಕ್ಕೆ ಎಷ್ಟು ಹುಟ್ಟುಹಬ್ಬದ ಕಾರ್ಡುಗಳು ಬರುತ್ತವೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಇಷ್ಟೆಲ್ಲ ಗೊತ್ತಿದ್ದವನಿಗೆ ಸ್ನೇಹಿತರು ಮಾತ್ರ ಇರಲಿಲ್ಲ. ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿ ಮುಂದಕ್ಕೆ ಹೋಗುವ ಕೆಲಸದಲ್ಲಿ ಸ್ನೇಹ ಬೆಳೆಯುವುದು ಕಷ್ಟ. ನಾಯಿಗಳ ಜೊತೆ ಒಂದಿಷ್ಟು ಬೆಳೆದಿತ್ತು.

ನಾನು ಆಫ್ಕೆ, ಅವನಿಗಿಂತ ಮೂರು ವರ್ಷ ದೊಡ್ಡವಳು. ಪುರಸಭೆಯಲ್ಲಿ ಹುಟ್ಟು-ಸಾವಿನ ನೋಂದಣಿಯ ಮೇಜಿನ ಹಿಂದೆ ಮೂವತ್ತೊಂದು ವರ್ಷ ಕೂತವಳು. ಹೊಸದಾಗಿ ತಂದೆಯಾದವರು ಆನಂದಬಾಷ್ಪ ಸುರಿಸುತ್ತ ಬಂದರೂ ನಾನು ಮೊದಲು ಕೇಳುತ್ತಿದ್ದುದು ತಾರೀಖನ್ನೇ. ಗಂಡನಿಂದ ಬಿಡುಗಡೆಯಾದ ಮೇಲೆ ತಮ್ಮನ ಮನೆಗೆ ಬಂದೆ. ಕೆಳಗಿನ ಅಂತಸ್ತು ನನ್ನದು, ಮೇಲಿನದು ಅವನದು. ಕಕ್ಕಸು ಇಬ್ಬರದೂ. ಹಾಗಾಗಿ ಕಕ್ಕಸಿನ ಗೋಡೆಯ ಮೇಲಿನ ಹುಟ್ಟುಹಬ್ಬದ ಕ್ಯಾಲೆಂಡರೂ ಇಬ್ಬರದೇ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದನ್ನು ತೂಗುಹಾಕುವುದು ಅಲ್ಲೇ.

ಆ ಕ್ಯಾಲೆಂಡರಿನಲ್ಲಿ ವಾರಗಳಿಲ್ಲ. ಬರೀ ತಿಂಗಳು, ತಾರೀಖು. ಹಾಗಾಗಿ ಅದು ಹಳತಾಗುವುದೇ ಇಲ್ಲ. ನಮ್ಮ ಅಮ್ಮ ಬರೆಯಲು ಶುರುಮಾಡಿದ್ದು. ಬಂದ ನೆಂಟರು ಒಳಗೆ ಹೋದಾಗ ಬೇರೆ ಕೆಲಸವಿಲ್ಲದೆ ಅದನ್ನು ತಿರುವಿಹಾಕುತ್ತಾರೆ. ತಮ್ಮ ಹೆಸರಿಲ್ಲದಿದ್ದರೆ ಮುಖ ಊದಿಸಿಕೊಂಡು ಹೊರಗೆ ಬರುತ್ತಾರೆ. ಈ ಮನೆಯ ಕುರ್ಚಿಯ ಮೇಲೆ ಕೂತು ಒಂದು ತುಂಡು ಕೇಕ್ ತಿಂದವರ ಹೆಸರು ಮಾತ್ರ ಅದರಲ್ಲಿ ಇರಬೇಕು, ಶಾಯಿಯಲ್ಲೇ ಇರಬೇಕು ಎಂಬುದು ಅಮ್ಮನ ಕಟ್ಟಳೆ. ಸತ್ತವರ ಹೆಸರನ್ನು ಅಳಿಸುವ ಹಾಗಿಲ್ಲ, ಪಕ್ಕದಲ್ಲಿ ಒಂದು ಶಿಲುಬೆ ಹಾಕಬೇಕು. ಮೂವತ್ತನಾಲ್ಕು ಹೆಸರುಗಳಲ್ಲಿ ಇಪ್ಪತ್ತೊಂದಕ್ಕೆ ಶಿಲುಬೆ ಬಿದ್ದಿತ್ತು. ಉಳಿದವರಲ್ಲಿ ಮೂವರಿಗೆ ನಮ್ಮ ಮೇಲೆ ಸಿಟ್ಟು. ಅಮ್ಮನ ಕಾಲದಲ್ಲಿ ಹುಟ್ಟುಹಬ್ಬದ ದಿನ ದುಂಡಗೆ ಇಟ್ಟ ಕುರ್ಚಿಗಳ ಸಾಲು ಅಡುಗೆಮನೆಯವರೆಗೂ ಹೋಗುತ್ತಿತ್ತು. ಈಚೆಗೆ ನಾವು ಆರೇ ಕುರ್ಚಿ ಇಟ್ಟು, ನಡುವೆ ಜಾಗ ಜಾಸ್ತಿ ಬಿಡುತ್ತಿದ್ದೆವು.

ನಿವೃತ್ತನಾದ ಮೊದಲ ತಿಂಗಳು ಗೆರ್ಬೆನ್ ಬೆಳಗ್ಗೆ ಆರಕ್ಕೇ ಬೂಟು ಹಾಕಿಕೊಂಡು ಕಿಟಕಿಯ ಬಳಿ ನಿಲ್ಲುತ್ತಿದ್ದ. ಹೊಸ ಟಪಾಲಿನವಳು ಯಾರ ಕಾಗದವನ್ನು ಯಾರ ಮನೆಗೆ ಹಾಕಿದಳು ಎಂದು ನನಗೆ ವರದಿ ಒಪ್ಪಿಸುತ್ತಿದ್ದ. ಎರಡನೇ ತಿಂಗಳಿಗೆ ನನ್ನ ತಾಳ್ಮೆ ಮುಗಿಯಿತು. ಒಂದು ಕಂಪ್ಯೂಟರು ತರಿಸಿ ಮೇಲಿನ ಅಂತಸ್ತಿನಲ್ಲಿ ಇಡಿಸಿದೆ. ಅಂಗಡಿಯವನು ಅದರಲ್ಲಿ ಒಂದು ಹಡಗಿನ ಆಟ ಹಾಕಿಕೊಟ್ಟಿದ್ದ. ಬೇರೆ ಬೇರೆ ಊರಿನಲ್ಲಿ ಕೂತ ಸಾವಿರಾರು ಜನ ಒಂದೇ ಸಮುದ್ರದಲ್ಲಿ ಹಡಗು ನಡೆಸುತ್ತಾರೆ, ಸರಕು ಸಾಗಿಸುತ್ತಾರೆ, ಒಬ್ಬರ ಮೇಲೊಬ್ಬರು ಫಿರಂಗಿ ಹಾರಿಸುತ್ತಾರೆ.

ಹೆಸರು ನೋಂದಾಯಿಸುವ ಹೊತ್ತಿಗೆ ಅವನ ಕನ್ನಡಕ ಕೆಳಗೆಲ್ಲೋ ಇತ್ತು. ಅವನು ಅದನ್ನು ಹುಡುಕಲು ಇಳಿದಾಗ ನಾನೇ ಕೂತು ಭರ್ತಿ ಮಾಡಿದೆ. ಆಟದೊಳಗಿನ ಹೆಸರು ಏನಿಡಲಿ ಎಂದರೆ "ಟಪಾಲು" ಎಂದು ಕೂಗಿದ. ಆಮೇಲೆ ಹುಟ್ಟಿದ ದಿನ ಕೇಳಿತು. ಹುಟ್ಟಿದ ದಿನ ಪುರಸಭೆಗೆ ಬೇಕು, ಹಡಗಿನವರಿಗೆ ಯಾಕೆ? ಪಟ್ಟಿಯಲ್ಲಿ ಮೊದಲು ಕಂಡ ತಾರೀಖನ್ನು ಒತ್ತಿ ಮುಂದೆ ಹೋದೆ. ಎರಡು ನಿಮಿಷದಲ್ಲಿ ಅದನ್ನು ಮರೆತೂಬಿಟ್ಟೆ.

ಎಲ್ಲರೂ ಫಿರಂಗಿ ಹಿಡಿದು ಓಡಾಡುವ ಆ ಆಟದಲ್ಲೂ ಗೆರ್ಬೆನ್ ಟಪಾಲಿನವನೇ ಆದ. ಒಂದು ಸಣ್ಣ ದೋಣಿ ಇಟ್ಟುಕೊಂಡು ಬಂದರಿನಿಂದ ಬಂದರಿಗೆ ಪೆಟ್ಟಿಗೆ ಸಾಗಿಸುವುದು. ಯಾರಿಗೂ ಬೇಡವಾದ ಕೆಲಸ. ವಾರದೊಳಗೆ ಮೂವರು ಅವನನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಕೆಂಪುಗಡ್ಡ, ಗುಡುಗಜ್ಜಿ, ಉಪ್ಪುಮೀನು. ಇವು ಅವರು ಇಟ್ಟುಕೊಂಡ ಹೆಸರುಗಳು. ನಾಲ್ಕು ವರ್ಷ, ದಿನಾ ಮಧ್ಯಾಹ್ನ ನಾಲ್ಕಕ್ಕೆ, ಚಹಾ ಕುಡಿದು ಮೇಲೆ ಹೋಗುತ್ತಿದ್ದ. ಅವರ ಮಾತೆಲ್ಲ ಟೈಪು ಮಾಡಿ ನಡೆಯುತ್ತಿತ್ತು. ಇವನು ಒತ್ತುವುದು ಒಂದೇ ಬೆರಳಿನಲ್ಲಿ, ಜೊತೆಗೆ ಎರಡೂ ಕಡೆಯದನ್ನು ಗಟ್ಟಿಯಾಗಿ ಓದುವ ಅಭ್ಯಾಸ. ನಾನು ಕೆಳಗೆ ಆಲೂಗಡ್ಡೆ ಸುಲಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ಗುಂಡಿನ ಪೆಟ್ಟಿಗೆ ತಂದಿದೀನಿ. ದಯವಿಟ್ಟು ಸಹಿ ಹಾಕಿ ತಗೊಳ್ಳಿ."

"ಮುಳುಗ್ತಾ ಇದೀವಿ ಕಣೋ ಟಪಾಲು! ಸಹಿ ಎಲ್ಲಿಂದ ಹಾಕೋದು?"

"ಸಹಿ ಇಲ್ದೆ ಕೊಡಕ್ಕಾಗಲ್ಲ."

ಅವರು ಮುಳುಗುತ್ತಲೇ ಸಹಿ ಹಾಕುತ್ತಿದ್ದರು. ಒಂದು ಸಲ ಇವನ ಪುಟ್ಟ ದೋಣಿಯನ್ನು ಉಳಿಸಲು ಮೂವರೂ ತಮ್ಮ ಹಡಗುಗಳನ್ನು ಕಳೆದುಕೊಂಡರಂತೆ. ಊಟದ ಹೊತ್ತಿಗೆ ಅದನ್ನು ಹೇಳುವಾಗ ಅವನ ಕಿವಿಯೆಲ್ಲ ಕೆಂಪಾಗಿತ್ತು. "ಆಲೂಗಡ್ಡೆ ತಣ್ಣಗಾಗ್ತಿದೆ, ತಿನ್ನು" ಎಂದೆ. ಆ ಮಾತಿಗೆ ಈಗ ನನಗೆ ನಾಚಿಕೆಯಾಗುತ್ತದೆ.

ಟಪಾಲಿನವನಾದ್ದರಿಂದ ಅವನು ತನ್ನ ವಿಳಾಸವನ್ನು ಪಿನ್ ಸಮೇತ ಮೂವರಿಗೂ ಕೊಟ್ಟಿದ್ದ. ಅವರ ಹುಟ್ಟುಹಬ್ಬಗಳನ್ನು ಕೇಳಿ ತಿಳಿದುಕೊಂಡು, ಆಯಾ ದಿನ ನಾಲ್ಕಕ್ಕೆ ಸರಿಯಾಗಿ ಶುಭಾಶಯ ಹೇಳುತ್ತಿದ್ದ. ಕಳೆದ ಬೇಸಿಗೆಯಲ್ಲಿ ಒಂದು ದಿನ ನಾನು ಕಕ್ಕಸಿಗೆ ಹೋದರೆ ಆಗಸ್ಟ್ ಹನ್ನೊಂದರ ಮುಂದೆ ಪೆನ್ಸಿಲಿನಲ್ಲಿ "ಉಪ್ಪುಮೀನು" ಎಂದಿದೆ. ತಿರುವಿದೆ. ಮೇ ಮೂರು, ಗುಡುಗಜ್ಜಿ. ಅಕ್ಟೋಬರ್ ಇಪ್ಪತ್ತನಾಲ್ಕು, ಕೆಂಪುಗಡ್ಡ.

"ಲೋ ಗೆರ್ಬೆನ್, ಇದೇನಿದು? ಅಮ್ಮನ ಕ್ಯಾಲೆಂಡರಿಗೆ ಮೀನು ಸೇರಿಸಿದೀಯಲ್ಲ!"

"ಅವ್ರು ನನ್ನ ಸ್ನೇಹಿತರು, ಅಕ್ಕ."

"ಮುಖ ನೋಡಿದೀಯಾ? ಹೆಸರು ಗೊತ್ತಾ? ಗಡ್ಡ ಇರೋದು ನಿಜಾನಾ ಅಂತಾದ್ರೂ ಗೊತ್ತಾ?"

"ಮುಖ ನೋಡಿದೋರು ಎಷ್ಟು ಜನ ಬರ್ತಾರೆ ಈಗ?"

ನಾನು ಇನ್ನೂ ಜೋರು ಮಾಡಿದೆ. "ನಿನ್ ಹುಟ್ಟುಹಬ್ಬ ಅವ್ರಿಗೆ ನೆನಪಿರುತ್ತಾ ನೋಡೋಣ. ಒಬ್ಬರಾದ್ರೂ ನೆನೆಸಿಕೊಂಡು ಬಂದು ಈ ಕುರ್ಚಿ ಮೇಲೆ ಕೂತ್ರೆ, ನಾನೇ ಶಾಯಿಯಲ್ಲಿ ಬರೀತೀನಿ."

"ನೆನಪಿರುತ್ತೆ. ಇಷ್ಟು ವರ್ಷ ನಾನು ಹೇಳಿರ್ಲಿಲ್ಲ. ಮೊನ್ನೆ ಹೇಳಕ್ಕೆ ಹೋದ್ರೆ, ನಿನ್ ದಿನ ನಮಗೆ ಗೊತ್ತು ಕಣೋ, ನೀನು ಹೇಳ್ಬೇಕಾಗಿಲ್ಲ ಅಂದಿದಾರೆ," ಎಂದ. ಪಂದ್ಯ ಗೆದ್ದವನಂತೆ ಶಿಳ್ಳೆ ಹಾಕುತ್ತ ಮೇಲೆ ಹೋದ.

ಅಕ್ಟೋಬರ್ ಹತ್ತೊಂಬತ್ತಕ್ಕೆ ಅವನು ಆರರ ಬದಲು ಒಂಬತ್ತು ಕುರ್ಚಿ ಇಟ್ಟ. ಬಂದವನು ನಮ್ಮ ಚಿಕ್ಕಪ್ಪನ ಮಗ ಡೌವೆ ಒಬ್ಬನೇ. ಅವನು ನಮ್ಮಲ್ಲಿನ ರೂಢಿಯಂತೆ ನನ್ನ ಕೈಯನ್ನೂ ಕುಲುಕಿ, "ತಮ್ಮನ ಹುಟ್ಟುಹಬ್ಬಕ್ಕೆ ಅಭಿನಂದನೆ" ಎಂದು, ಒಂದು ತುಂಡು ಕೇಕ್ ತಿಂದು, ತನ್ನ ಮಂಡಿನೋವಿನ ಬಗ್ಗೆ ಒಂದೂವರೆ ಗಂಟೆ ಮಾತಾಡಿ ಹೋದ. ನಾಲ್ಕಕ್ಕೆ ಗೆರ್ಬೆನ್ ಮೇಲೆ ಹೋದ. ನಾನು ಮೆಟ್ಟಿಲ ಕೆಳಗೆ ಕಿವಿಯಿಟ್ಟು ನಿಂತೆ. ಹಗ್ಗದ ಬಗ್ಗೆ ಮಾತಾಯಿತು, ಬ್ಯಾರಲ್ಲುಗಳ ಬಗ್ಗೆ ಮಾತಾಯಿತು, ಗಾಳಿಯ ದಿಕ್ಕಿನ ಬಗ್ಗೆಯೂ ಆಯಿತು. ಆರಕ್ಕೆ ಇಳಿದು ಬಂದು ಕುರ್ಚಿಗಳನ್ನು ಒಂದೊಂದಾಗಿ ಎತ್ತಿಟ್ಟ.

"ನೀನೇ ಹೇಳ್ಬಾರ್ದಾಗಿತ್ತಾ?" ಎಂದೆ.

"ಮೂವತ್ತೆಂಟು ವರ್ಷ ಕಾರ್ಡು ಹಂಚಿದೀನಿ ಅಕ್ಕ. ಹೇಳಿಸಿಕೊಂಡು ಕಳಿಸಿದ ಕಾರ್ಡು ಒಂದೂ ಇರ್ಲಿಲ್ಲ."

ಪಂದ್ಯ ನಾನು ಗೆದ್ದಿದ್ದೆ. ಆದರೆ ಅಂದು ನನಗೆ ಅನ್ನಿಸಿದ್ದು ಬರೀ ಸಂಕಟ. ಮರುದಿನ ನೋಡಿದರೆ ಕ್ಯಾಲೆಂಡರಿನಲ್ಲಿ ಮೂರೂ ಹೆಸರುಗಳನ್ನು ಅವನೇ ರಬ್ಬರಿನಿಂದ ಉಜ್ಜಿ ಅಳಿಸಿದ್ದ. ಕಂಪ್ಯೂಟರಿನ ಮೇಲೆ ಮೇಜುಬಟ್ಟೆ ಹೊದಿಸಿದ್ದ. ನವೆಂಬರಿನಲ್ಲಿ ಮತ್ತೆ ಬೂಟು ಹಾಕಿಕೊಂಡು ಕಿಟಕಿಗೆ ಬಂದ. ಟಪಾಲಿನವಳು ತಪ್ಪು ಮನೆಗೆ ಕಾಗದ ಹಾಕಿದರೂ ಈಗ ವರದಿ ಮಾಡುತ್ತಿರಲಿಲ್ಲ. ನನಗೆ ಭಯವಾಗಿದ್ದು ಆಗಲೇ.

ಜನವರಿ ಒಂದು, ಬೆಳಗ್ಗೆ ಹನ್ನೊಂದು. ಬಾಗಿಲ ಗಂಟೆಯ ಸದ್ದಾಯಿತು. ಮೊದಲೇ ಹೇಳದೆ ನಮ್ಮ ಬಾಗಿಲಿಗೆ ಬರುವವರು ಪೊಲೀಸರು ಮಾತ್ರ. ತೆರೆದರೆ ಬಾಗಿಲ ಚೌಕಟ್ಟಿನಷ್ಟೇ ದೊಡ್ಡ ಗಂಡಸು, ಅವನ ಹಿಂದೆ ಕನ್ನಡಕದ ಸಣ್ಣ ಹೆಂಗಸು, ಅವಳ ಹಿಂದೆ ಕೇಕಿನ ಡಬ್ಬಿ ಹಿಡಿದ ತೆಳ್ಳಗಿನವನೊಬ್ಬ.

"ಟಪಾಲು ಬದುಕಿದಾನಾ?" ಎಂದು ದೊಡ್ಡವನು ಕೇಳಿದ.

"ಯಾರು ನೀವು?"

"ನಾನು ಗುಡುಗಜ್ಜಿ," ಎಂದ ಅವನು, ಬಹಳ ವಿನಯದಿಂದ. "ಇವ್ರು ಕೆಂಪುಗಡ್ಡ."

ಕನ್ನಡಕದ ಹೆಂಗಸು ನನ್ನ ಕೈ ಕುಲುಕಿ, "ತಮ್ಮನ ಹುಟ್ಟುಹಬ್ಬಕ್ಕೆ ಅಭಿನಂದನೆ, ಅಕ್ಕಾವ್ರೇ" ಎಂದಳು. "ಬರ್ತೀವಿ ಅಂತ ಆಟದಲ್ಲಿ ಹತ್ತು ಸಲ ಬರೆದ್ವಿ, ಉತ್ತರಾನೇ ಇಲ್ಲ. ಅಕ್ಟೋಬರಲ್ಲಿ ನನ್ನ ಹುಟ್ಟುಹಬ್ಬಕ್ಕೂ ಏನೂ ಬರೀಲಿಲ್ಲ. ನಾಲ್ಕು ಗಂಟೆ ಆಯ್ತು, ನಾಲ್ಕೂವರೆ ಆಯ್ತು. ಹೋಗೇಬಿಟ್ಟ ಅಂದ್ಕೊಂಡು ಅತ್ತುಬಿಟ್ಟೆ."

ಹುಟ್ಟುಹಬ್ಬ ಎಂದಾಗ ನನ್ನ ತಲೆಯಲ್ಲಿ ಏನೋ ಮಿಸುಕಾಡಿತು. ಪೂರ್ತಿ ಹೊಳೆಯುವ ಮುಂಚೆಯೇ ಗೆರ್ಬೆನ್ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ನಿಂತಿದ್ದ. ಮೂವರೂ ಒಟ್ಟಿಗೆ "ಸಹಿ ಹಾಕಿ ತಗೊಳ್ಳಿ!" ಎಂದು ಕೂಗಿ ಕೇಕಿನ ಡಬ್ಬಿ ಚಾಚಿದರು. ಅವನು ಡಬ್ಬಿ ತೆಗೆದುಕೊಂಡ.

ನಾನು ಕುರ್ಚಿಗಳನ್ನು ದುಂಡಗೆ ಇಟ್ಟೆ, ಕಾಫಿ ಮಾಡಿದೆ, ಹಿಂದಿನ ದಿನ ಕರಿದಿದ್ದ ಒಣದ್ರಾಕ್ಷಿಯ ಉಂಡೆಗಳನ್ನೂ ತಂದಿಟ್ಟೆ. ದೊಡ್ಡವನು ಹಾರ್ಮ್, ಲಾರಿ ಓಡಿಸುತ್ತಾನೆ. ಉಪ್ಪುಮೀನು ಎಂದರೆ ತೆಳ್ಳಗಿನ ಲೀವೆನ್, ಗೆಂಟ್ ಎಂಬ ಊರಿನಲ್ಲಿ ಪಿಯಾನೋ ರಿಪೇರಿ ಮಾಡುತ್ತಾನೆ. ಕೆಂಪುಗಡ್ಡ ಎಂದರೆ ಮಾರ್ಲೂಸ್, ದಂತವೈದ್ಯರ ಸಹಾಯಕಿ. ನಾನು ಎಲ್ಲರ ಹೆಸರು ಕೇಳಿದೆ. ಗೆರ್ಬೆನ್ ಮಾತ್ರ ಕೊನೆಯವರೆಗೂ ಅಜ್ಜಿ, ಮೀನು, ಗಡ್ಡ ಎಂದೇ ಕರೆದ.

ಮಾರ್ಲೂಸ್ ಕಕ್ಕಸಿಗೆ ಹೋದಳು. ಬಹಳ ಹೊತ್ತಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಅಮ್ಮನ ಕ್ಯಾಲೆಂಡರಿತ್ತು, ಅಕ್ಟೋಬರಿನ ಪುಟಕ್ಕೆ ತಿರುವಿದ್ದಳು.

"ನಂದಿದೆಯಾ ಅಂತ ನೋಡ್ದೆ," ಎಂದಳು. "ಇತ್ತು. ಉಜ್ಜಿದ ಗುರುತಿದೆ. ಅದಕ್ಕಿಂತ ಮೇಲೆ, ಹತ್ತೊಂಬತ್ತಕ್ಕೆ, ಗೆರ್ಬೆನ್ ಅಂತಿದೆ."

"ಆಟದಲ್ಲಿ ನಿನ್ನ ಹೆಸರಿನ ಪುಟದಲ್ಲಿ ಜನವರಿ ಒಂದು ಅಂತಿತ್ತಲ್ಲೋ," ಎಂದ ಹಾರ್ಮ್. "ಪ್ರತಿ ವರ್ಷ ಆ ದಿನ ನಿಂಗೆ ಶುಭಾಶಯ ಹೇಳ್ತಿದ್ವಲ್ಲ!"

"ಹೊಸ ವರ್ಷದ್ದು ಅಂದ್ಕೊಂಡಿದ್ದೆ," ಎಂದ ಗೆರ್ಬೆನ್.

ಮೂವತ್ತೊಂದು ವರ್ಷ ಊರಿನ ಹುಟ್ಟುಗಳನ್ನೆಲ್ಲ ತಪ್ಪಿಲ್ಲದೆ ಬರೆದವಳು ನಾನು. "ಅದನ್ನ ಹಾಕಿದ್ದು ನಾನು," ಎಂದೆ. "ನೀನು ಕನ್ನಡಕ ಹುಡುಕ್ತಿದ್ದಾಗ. ಮೊದಲು ಕಂಡಿದ್ದನ್ನ ಒತ್ತಿಬಿಟ್ಟೆ. ತಪ್ಪಾಯ್ತು ಕಣೋ ಗೆರ್ಬೆನ್." ಅರವತ್ತನಾಲ್ಕು ವರ್ಷಗಳಲ್ಲಿ ನಾನು ಅವನಿಗೆ ತಪ್ಪಾಯಿತು ಎಂದದ್ದು ಅದೇ ಮೊದಲು.

ಅವನು ನನ್ನನ್ನು ನೋಡಿದ, ಅವರನ್ನು ನೋಡಿದ, ತಟ್ಟೆಯ ಮೇಲಿನ ಕೇಕನ್ನು ನೋಡಿದ.

"ಹಾಗಾದ್ರೆ," ಎಂದ, "ಇವ್ರು, ಬರೆದಿದ್ದ ವಿಳಾಸಕ್ಕೆ, ಬರೆದಿದ್ದ ದಿನವೇ ಮುಟ್ಟಿಸಿದಾರೆ."

ಆಮೇಲೆ ಅತ್ತ. ಹಾರ್ಮ್ ಅವನ ಬೆನ್ನಿನ ಮೇಲೆ ತನ್ನ ದೊಡ್ಡ ಕೈಯಿಟ್ಟ. ನಾನು ಎದ್ದು ಹೋಗಿ ಶಾಯಿಯ ಪೆನ್ನು ತಂದೆ. ಕನ್ನಡಕ ಹಾಕಿಕೊಂಡು, ಒಬ್ಬೊಬ್ಬರ ತಾರೀಖನ್ನೂ ಎರಡೆರಡು ಸಲ ಕೇಳಿ, ಮೂವರನ್ನೂ ಬರೆದೆ. ಜನವರಿ ಒಂದಕ್ಕೆ ಗೆರ್ಬೆನ್ ಹೆಸರನ್ನು ಇನ್ನೊಮ್ಮೆ ಬರೆದೆ. ಅಮ್ಮನ ಕಟ್ಟಳೆಯಲ್ಲಿ ಒಬ್ಬನಿಗೆ ಒಂದೇ ದಿನ ಎಂದು ಎಲ್ಲೂ ಇರಲಿಲ್ಲ.

ಹೊರಡುವಾಗ ಮಾರ್ಲೂಸ್ ಬಾಗಿಲಲ್ಲಿ ನಿಂತು ಫೋನು ತೆಗೆದಳು. "ನಿಮ್ಮದು ಯಾವಾಗ, ಅಕ್ಕಾವ್ರೇ?"

"ನಂದು ಯಾಕೆ?"

"ಆ ದಿನ ಬರಕ್ಕೆ."

ನನ್ನ ಹುಟ್ಟುಹಬ್ಬವನ್ನು ಹಾಗೆ ಕೇಳಿದವರು ಎಷ್ಟೋ ವರ್ಷಗಳಿಂದ ಯಾರೂ ಇರಲಿಲ್ಲ. ಮಾರ್ಚ್ ಏಳು ಎಂದೆ. ಅವಳು ಬರೆದುಕೊಂಡದ್ದನ್ನು ಇಣುಕಿ ನೋಡಿದೆ. ಸರಿಯಾಗಿತ್ತು.