ಹೆಬ್ಬೆರಳಿನ ಕೆಳಗಿನ ಸಾಲು

ಅವರ ಬಲಗೈಯ ಹೆಬ್ಬೆರಳು ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆಲ್ಲ ಕಪ್ಪಾಗಿರುತ್ತಿತ್ತು. ಪೇಪರಿನ ಸಾಲಿನ ಕೆಳಗೆ ಹೆಬ್ಬೆರಳನ್ನು ಒತ್ತಿ ಹಿಡಿದು, ಅದನ್ನು ಎಡದಿಂದ ಬಲಕ್ಕೆ ಜಾರಿಸುತ್ತಾ ಓದುವ ಅಭ್ಯಾಸ ಅವರದು. ಓದಿ ಮುಗಿದ ಮೇಲೆ ಆ ಬೆರಳನ್ನು ಕಟಿಂಗ್ ಶಾಪಿನ ಸುಣ್ಣದ ಕಂಬಕ್ಕೆ ಒರೆಸುತ್ತಿದ್ದರು. ಅಂಗಡಿಯವನು ದೀಪಾವಳಿಗೆ ಸುಣ್ಣ ಹೊಡೆಸಿದರೆ ಮಾರನೆಯ ದಿನವೇ ಕಂಬದ ಮೇಲೆ ಹೊಸ ಗುರುತು. ಅವನು ಗೊಣಗಿದರೆ "ನನ್ನ ಹಾಜರಿ ಕಣಯ್ಯಾ" ಎಂದು ನಗುತ್ತಿದ್ದರು.

ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಿದ್ದ ನಮ್ಮ ಲೈನಿನ ಮಕ್ಕಳೆಲ್ಲ ಅವರನ್ನು ಪೇಪರ್ ಮಾಮ ಎನ್ನುತ್ತಿದ್ದೆವು. ಗಣಿ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಗಣಿ ಮುಚ್ಚಿದ ಮೇಲೆ ಜಿಲ್ಲೆಯ ಒಂದು ಸಣ್ಣ ಕನ್ನಡ ಪತ್ರಿಕೆಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದರು. ಆ ಪತ್ರಿಕೆ ನಮ್ಮ ಲೈನಿನಲ್ಲಿ ಬರುತ್ತಿದ್ದುದು ಅವರೊಬ್ಬರ ಮನೆಗೆ. ಅಕ್ಕಪಕ್ಕದವರಿಗೆ ಓದು ಬಂದರೂ ಅದು ತಮಿಳಿನ ಓದು. ನಮ್ಮಪ್ಪ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕಾಂಟ್ರಾಕ್ಟ್ ಕೂಲಿ ಮಾಡುತ್ತಿದ್ದವರು. ಅವರಿಗಾಗಲಿ ಅಮ್ಮನಿಗಾಗಲಿ ಅಕ್ಷರವೇ ಬಾರದು. ಹಾಗಾಗಿ ಇಡೀ ಲೈನಿಗೆ ಕನ್ನಡ ಪೇಪರೆಂದರೆ ಮಾಮನ ಬಾಯಿ. ಕಣ್ಣು ಕನ್ನಡದ ಮೇಲೆ, ನಾಲಿಗೆ ತಮಿಳಿನಲ್ಲಿ. ಆಂಧ್ರದ ಗಡಿ ಕಡೆಯ ಹಳ್ಳಿಯವರು ಯಾರಾದರೂ ಬಾಗಿಲಲ್ಲಿ ನಿಂತರೆ ಅದೇ ವಾಕ್ಯ ತೆಲುಗಿಗೆ ಹೊರಳುತ್ತಿತ್ತು, ಅಪ್ಪನ ಮುಖ ಕಂಡರೆ ಕನ್ನಡಕ್ಕೆ ವಾಪಸ್ಸು. ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಕೂತವರು "ಅಪ್ಪುರಂ?" ಎಂದರೆ ಹಳ್ಳಿಯವರು "ತರವಾತ?" ಎನ್ನುತ್ತಿದ್ದರು. ಮುಂದೇನಾಯಿತು ಎಂದು ಕೇಳಲು ಎಲ್ಲರಿಗೂ ಒಂದೊಂದು ಮಾತಿತ್ತು, ಹೇಳಲು ಮಾಮ ಒಬ್ಬರೇ.

ನನಗೆ ಓದು ಕಲಿಸಿದ್ದು ಶಾಲೆ ಎಂದು ನನ್ನ ಅಂಕಪಟ್ಟಿಗಳು ಹೇಳುತ್ತವೆ. ಸುಳ್ಳು. ಕಲಿಸಿದ್ದು ಅವರು. ಭಾನುವಾರ ಕಟಿಂಗ್ ಶಾಪಿನ ಬೆಂಚಿನ ತುದಿಯಲ್ಲಿ ಕೂರಿಸಿಕೊಂಡು, ನನ್ನ ಹೆಬ್ಬೆರಳನ್ನು ಹಿಡಿದು ಸಾಲಿನ ಕೆಳಗೆ ಇಡುತ್ತಿದ್ದರು. ಸುದ್ದಿಯನ್ನು ನಾನು ಗಿಳಿಯ ಹಾಗೆ ಒದರಿಬಿಟ್ಟರೆ ಕಿವಿಗೆ ಒಂದು ಸಣ್ಣ ಏಟು. "ಯಾರು ಹೇಳಿದ್ದು ಅಂತ ಮೊದಲು ನೋಡು ಪಾಪ. ಏನು ಹೇಳಿದ್ರು ಅನ್ನೋದು ಆಮೇಲೆ." ನಾನು ದೊಡ್ಡವಳಾದ ಮೇಲೂ ಅವರ ಬಾಯಲ್ಲಿ 'ಪಾಪ', ಅಂದರೆ ಮಗು. ಸರಿಯಾಗಿ ಹುಡುಕಿ ಹೇಳಿದರೆ ಅವರ ಬನ್ನಿನಲ್ಲಿ ಅರ್ಧ ನನಗೆ. ಚಹಾಕ್ಕೆ ಸಕ್ಕರೆ ಹಾಕಿಸಿಕೊಳ್ಳುತ್ತಿರಲಿಲ್ಲ. "ಡಾಕ್ಟರು ಸಕ್ಕರೆ ಬೇಡ ಅಂದಿದ್ದಾರೆ. ಬನ್ನಿನ ವಿಷಯ ನಾನು ಕೇಳೋಕೇ ಹೋಗಲಿಲ್ಲ" ಎಂದು ಕಣ್ಣು ಮಿಟುಕಿಸುತ್ತಿದ್ದರು. ಪೇಪರನ್ನು ನಂಬಬೇಡ ಎಂದು ನನಗೆ ಕಲಿಸಿದ ಮನುಷ್ಯನನ್ನು ನಾನು ಕಣ್ಣುಮುಚ್ಚಿ ನಂಬಿದ್ದೆ.

ನಾನು ಕೋಲಾರದ ಹಾಸ್ಟೆಲ್ಲಿಗೆ ಸೇರಿದ ವರ್ಷ ನಮ್ಮಣ್ಣನ ಗಲಾಟೆ ನಡೆಯಿತು. ಅವನು ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿ ಒಂದು ಗೋದಾಮಿನಲ್ಲಿ ಮೂಟೆ ಇಳಿಸಿ ಬರುತ್ತಿದ್ದ. ಆ ರೈಲಿನಲ್ಲಿ ಸೀಟಿನ ಮೇಲೆ ಟವೆಲ್ ಹಾಸಿದರೆ ಅಲ್ಲಿ ಒಬ್ಬ ಮನುಷ್ಯ ಕೂತಂತೆಯೇ ಲೆಕ್ಕ. ಮಾರಿಕುಪ್ಪಂನಲ್ಲಿ ಹತ್ತಿದವರು ಮುಂದಿನ ಸ್ಟೇಷನ್ನುಗಳಲ್ಲಿ ಹತ್ತುವ ಗೆಳೆಯರಿಗೆ ಟವೆಲ್ ಹಾಸುತ್ತಾ ಹೋಗುತ್ತಾರೆ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ಕಾಣುವುದು ಬರೀ ಟವೆಲ್ಲುಗಳು. ಒಂದು ಬೆಳಿಗ್ಗೆ ಅಲ್ಲಿ ಹತ್ತಿದ ಹುಡುಗನೊಬ್ಬ "ಟವೆಲ್ಲಿಗೆ ಪಾಸ್ ಐತೇನ್ಲಾ?" ಎಂದು ಅದನ್ನು ಕಿಟಕಿಯಾಚೆ ಎಸೆದ. ಅದು ಅಣ್ಣನ ಟವೆಲ್.

ಸಂಜೆ ಅದೇ ಜಗಳ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಬೀದಿಗೆ ಬಂತು. ಎರಡೂ ಕಡೆಯವರು ಹೊಡೆದಾಡಿದರು. ನಮ್ಮಣ್ಣ ಕೈಕಟ್ಟಿ ನಿಂತಿದ್ದ ಸಾಧು ಎಂದು ನಾನು ಹೇಳುವುದಿಲ್ಲ. ಆದರೆ ಪೊಲೀಸರು ಹಿಡಿದೊಯ್ದದ್ದು ಕೆಜಿಎಫ್ ಹುಡುಗರನ್ನು ಮಾತ್ರ. ಆ ಕಡೆಯ ಹುಡುಗರಲ್ಲಿ ಒಬ್ಬನಿಗೆ ಊರಿನಲ್ಲಿ ದೊಡ್ಡವರ ನೆಂಟಸ್ತಿಕೆ ಇತ್ತು. ಅವರೆಲ್ಲ ಠಾಣೆಯ ಬೆಂಚಿನ ಮೇಲೆ ಚಹಾ ಕುಡಿದು ಮನೆಗೆ ಹೋದರು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಅಣ್ಣನ ಬೆನ್ನಿನ ಮೇಲೆ ಲಾಠಿಯ ಬರೆ ಎದ್ದಿತ್ತು, ಅದನ್ನು ಅಪ್ಪ ಕಣ್ಣಾರೆ ಕಂಡು ಬಂದರು.

ಅಂದು ಮಾಮ ನಮ್ಮ ಮನೆಗೆ ಬಂದರು. ಅಮ್ಮ ಮುದ್ದೆ, ಬಸ್ಸಾರು ಬಡಿಸುತ್ತಾ ಅತ್ತಳಂತೆ. "ಏಳಿದ್ ಮಾತು ಕೇಳಾಕಿಲ್ಲ ಅಣ್ಣಯ್ಯ ಅವ್ನು. ಚಿಕ್ಕವನಿಂದ್ಲೂ ಮೊಂಡ. ಅಂಗಂತ ಮಗೀನ್ನ ಅಂಗೆ ಒಡೆಯೋದಾ?" ಮಾಮ ತಟ್ಟೆಯಲ್ಲೇ ಕೈ ತೊಳೆದು, "ಬರೀತೀನಮ್ಮ. ಇದು ಪಕ್ಷಪಾತ ಅಲ್ಲದೆ ಇನ್ನೇನು" ಎಂದರಂತೆ.

ಆ ವಾರದ ಅಂಕಣ ಓದಿದ ಬೆಳಿಗ್ಗೆಯನ್ನು ಅಪ್ಪ ನನಗೆ ಎಷ್ಟು ಸಲ ಹೇಳಿದ್ದಾರೋ. ಶಾಪಿನವನು ಕತ್ತಿ ಕೆಳಗಿಟ್ಟ. ಸಿಕ್ಕಿಬಿದ್ದ ಹುಡುಗರ ತಂದೆತಾಯಂದಿರೆಲ್ಲ ಬಾಗಿಲಲ್ಲಿ ನಿಂತಿದ್ದರು. ಮಾಮ ಹೆಬ್ಬೆರಳನ್ನು ಸಾಲಿನ ಕೆಳಗಿಟ್ಟು ಮೊದಲು ತಮಿಳಿನಲ್ಲಿ, ಆಮೇಲೆ ಅಪ್ಪನಿಗೆಂದೇ ಕನ್ನಡದಲ್ಲಿ ಓದಿದರು. ಅಪ್ಪನಿಗೆ ಅದು ಇಂದಿಗೂ ಬಾಯಿಪಾಠ. "ಬೀದಿಯಲ್ಲಿ ಹೊಡೆದಾಡಿದ್ದು ಎರಡು ಗುಂಪು. ಲಾಕಪ್ಪಿಗೆ ಹೋದದ್ದು ಒಂದು. ಈ ಹುಡುಗರ ಹೆತ್ತವರು ಕೇಳುತ್ತಿರುವುದು ದಯೆಯನ್ನಲ್ಲ, ಎಲ್ಲರನ್ನೂ ಒಂದೇ ಸಮ ನೋಡುವ ಕಣ್ಣನ್ನು." ಅಂದಿನಿಂದ ಅವರೆಕಾಯಿ ಕಾಲ ಬಂದರೆ ಹಳ್ಳಿಯಿಂದ ಬಂದ ಮೊದಲ ಚೀಲ ಮಾಮನ ಮನೆಗೆ. ಅದು ಹೋಗದೆ ನಮ್ಮ ಮನೆಯಲ್ಲಿ ಒಲೆಯ ಮೇಲೆ ಅವರೆ ಏರುತ್ತಿರಲಿಲ್ಲ.

ಅಣ್ಣ ಮಾತ್ರ ಹೊರಬಂದ ಮೇಲೆ ಮಾಮನ ಮುಖ ನೋಡುವುದನ್ನೇ ಬಿಟ್ಟ. ಅವರು ಎದುರು ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. "ನಿನ್ನ ಮಾನ ಉಳ್ಸಿದೋರ್ಲಾ ಅವ್ರು! ಒಂದ್ ನಮಸ್ಕಾರ ಮಾಡಾಕೆ ಏನ್ ಕಷ್ಟ ನಿಂಗೆ?" ಎಂದು ಅಪ್ಪ ಕೂಗಾಡುತ್ತಿದ್ದರು. ನಾನೂ ಅಣ್ಣನನ್ನೇ ಬೈದೆ. ಕೇಸು ಕೊನೆಗೆ ಖುಲಾಸೆಯಾಯಿತು. ಅವನ ಮೌನ ಮುಗಿಯಲಿಲ್ಲ.

ಹೋದ ವರ್ಷ ಅಣ್ಣನಿಗೆ ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆಯ ಕಿವಿ ಯಾರೋ ಕಚ್ಚಿದ್ದರು. "ಉಡುಗನ ಮ್ಯಾಲೆ ಪೊಲೀಸ್ ಕೇಸ್ ಇತ್ತಂತಲ್ಲ?" ಎಂದು ಕೇಳಿದರು. ಅಪ್ಪ ಎದೆ ಸೆಟೆಸಿ, "ಪೊಲೀಸ್ನೋರ್ದೇ ತಪ್ಪು ಅಂತ ಪೇಪರ್‌ನಾಗೇ ಬಂದೈತೆ ಸ್ವಾಮಿ. ತಂದ್ ತೋರಿಸ್ತೀನಿ" ಎಂದುಬಿಟ್ಟರು. ಆ ಪೇಪರ್ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಮೊದಲು ಮಾಮನನ್ನೇ ಕೇಳಿದೆ. ಅವರು ಕನ್ನಡಕ ಒರೆಸುತ್ತಾ, "ಗೆದ್ದಲು ಹಿಡಿದು ಹೋಯ್ತು ಪಾಪ. ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ" ಎಂದರು. ವಯಸ್ಸಾಯಿತು, ಹುಡುಕುವ ಶಕ್ತಿ ಇಲ್ಲ ಎಂದುಕೊಂಡೆ.

ಪತ್ರಿಕೆ ನಿಂತು ಹೋಗಿತ್ತು. ಬಂಗಾರಪೇಟೆಯಲ್ಲಿ ಅದರ ಏಜೆಂಟರಾಗಿದ್ದವರು ಈಗ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದಾರೆ. ಅವರು "ಪ್ರೆಸ್ಸಿನ ಹಿಂದ್ಗಡೆ ರೂಮ್‌ನಾಗೆ ಹಳೇ ಬಂಡಲ್ ಇರ್ಬೇಕು ನೋಡಮ್ಮ" ಎಂದು ಕಳಿಸಿದರು. ಆ ಪ್ರೆಸ್ಸಿನಲ್ಲಿ ಈಗ ಲಗ್ನಪತ್ರಿಕೆ ಅಚ್ಚಾಗುತ್ತದೆ. ಹಿಂದಿನ ಕೋಣೆಯಲ್ಲಿ ಇಲಿ ಹಿಕ್ಕೆ, ಧೂಳು, ಸೆಣಬಿನ ದಾರದಲ್ಲಿ ಕಟ್ಟಿದ ಕಟ್ಟುಗಳು. ಮೂಗಿಗೆ ಸೆರಗು ಕಟ್ಟಿಕೊಂಡು ಹುಡುಕಿದೆ. ಸಿಕ್ಕಿತು. ಮಾಮನ ಪುಟ್ಟ ಫೋಟೋ ಕಂಡು ಖುಷಿಯಿಂದ ಕೂಗಿಯೇಬಿಟ್ಟೆ.

ತಲೆಬರಹ "ಪಕ್ಷಪಾತ ಎಂಬ ಸುಲಭದ ದೂರು" ಎಂದಿತ್ತು. ಏನೋ ವ್ಯಂಗ್ಯವಿರಬೇಕು ಎಂದುಕೊಂಡು ಹೆಬ್ಬೆರಳಿಟ್ಟೆ. "ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡಲಾಗದವರು ಪೊಲೀಸರ ಮೇಲೆ ಗೂಬೆ ಕೂರಿಸುವುದು ಇತ್ತೀಚೆಗೆ ರೂಢಿಯಾಗಿದೆ." ಎರಡು ಗುಂಪಿನ ಮಾತಿಲ್ಲ. ಚಹಾದ ಮಾತಿಲ್ಲ. ಲಾಠಿಯ ಬರೆ ಇಲ್ಲ. ಕೊನೆಯಲ್ಲಿ ಹೀಗಿತ್ತು: "ಬಂಧಿತ ಯುವಕನೊಬ್ಬನ ತಾಯಿಯೇ ನನ್ನೆದುರು ಒಪ್ಪಿಕೊಂಡರು: ಹೇಳಿದ ಮಾತು ಕೇಳುವುದಿಲ್ಲ, ಚಿಕ್ಕಂದಿನಿಂದಲೂ ಮೊಂಡ. ಹೆತ್ತ ತಾಯಿಗೇ ಬಗ್ಗದವನು ಕಾನೂನಿಗೆ ಬಗ್ಗುವನೇ?"

ಯಾರು ಹೇಳಿದ್ದು ಅಂತ ಮೊದಲು ನೋಡು. ನೋಡಿದೆ. ಹೇಳಿದ್ದು ನಮ್ಮಮ್ಮ, ಮುದ್ದೆ ಬಡಿಸುತ್ತಾ. ಅವಳು ನುಂಗಿದ ಹಕಾರಗಳನ್ನೆಲ್ಲ ಮಾಮ ನೀಟಾಗಿ ತಿದ್ದಿದ್ದರು. "ಅಂಗಂತ ಒಡೆಯೋದಾ" ಎಂದದ್ದನ್ನು ಮಾತ್ರ ಬಿಟ್ಟಿದ್ದರು. ಅಂದರೆ ಕಟಿಂಗ್ ಶಾಪಿನಲ್ಲಿ ಕೂತು, ಈ ಸಾಲುಗಳ ಮೇಲೆಯೇ ಹೆಬ್ಬೆರಳು ಜಾರಿಸುತ್ತಾ, ಅಲ್ಲಿ ಇಲ್ಲದ್ದನ್ನು ನಮ್ಮಪ್ಪನಿಗೆ ಓದಿದ್ದರು. ಅಪ್ಪ ಅದಕ್ಕೆ ಕೈಮುಗಿದಿದ್ದರು. ಲಗ್ನಪತ್ರಿಕೆಗಳ ರಾಶಿಗೆ ಆತು ನಿಂತೆ.

ಅಲ್ಲಿಂದ ನೇರ ಮಾಮನ ಮನೆಗೆ ಹೋದೆ. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು, ಪೇಪರ್ ಓದುವುದನ್ನೂ ನಿಲ್ಲಿಸಿದ್ದರು. ಹೆಬ್ಬೆರಳು ಬೆಳ್ಳಗೆ ಯಾರದೋ ಬೆರಳಿನಂತಿತ್ತು. ಪೇಪರನ್ನು ಅವರ ಎದೆಯ ಮೇಲಿಟ್ಟೆ. ಅವರು ಬಿಡಿಸಿ ನೋಡಲೂ ಇಲ್ಲ.

"ನಿಮ್ಮಪ್ಪನಿಗೆ ಓದಿದ್ದೇ ನಾನು ಮೊದಲು ಬರೆದಿದ್ದು ಪಾಪ" ಎಂದರು. "ಕಳಿಸೋ ಹಿಂದಿನ ಸಂಜೆ ಠಾಣೆಯಿಂದ ಒಬ್ಬರು ಬಂದು ಕೂತರು. ಏನೂ ಬೆದರಿಸಲಿಲ್ಲ. ನನ್ನ ಮಗ ಯಾವ ಕಾಲೇಜು, ಯಾವ ದಾರೀಲಿ ಮನೆಗೆ ಬರ್ತಾನೆ ಅಂತ ವಿಚಾರಿಸಿ ಹೋದರು, ಅಷ್ಟೇ."

"ಹೆದರಿಕೆ ಆಗಿದ್ರೆ ಸುಮ್ನೆ ಇರಬಹುದಿತ್ತಲ್ಲ ಮಾಮ. ಬೇರೆ ಏನಾದ್ರೂ ಬರೀಬಹುದಿತ್ತು."

ಅವರು ಎದೆಯ ಮೇಲಿನ ಪೇಪರನ್ನು ಪಕ್ಕಕ್ಕೆ ಸರಿಸಿದರು.

"ಹೋಗ್ಲಿ, ಅಮ್ಮನ ಮಾತು ಯಾಕೆ ಹಾಕಿದ್ರಿ? ಅದನ್ನ ಹಾಕು ಅಂತ ಪೊಲೀಸ್ನೋರು ಹೇಳಿದ್ರಾ?"

ಮೇಲಿನ ತೊಲೆ ನೋಡುತ್ತಾ ಅವರು ಹೇಳಿದ್ದು ಇಷ್ಟೇ: "ಬರೆಯುವಾಗ ಆ ಜಾಗಕ್ಕೆ ಚೆನ್ನಾಗಿ ಕೂತಿತು ಪಾಪ."

ಹೆದರಿದ್ದನ್ನು ನಾನು ಕ್ಷಮಿಸುತ್ತಿದ್ದೆ. ಮಗನಿರುವ ಯಾರಾದರೂ ಹೆದರುತ್ತಾರೆ. ನಮ್ಮಮ್ಮನ ಕಣ್ಣೀರು ಅವರ ವಾಕ್ಯಕ್ಕೆ ಚೆನ್ನಾಗಿ ಕೂತಿತಂತೆ, ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವರ ಹೆಂಡತಿ ತಂದ ಚಹಾ ಮುಟ್ಟದೆ, ಪೇಪರ್ ಎತ್ತಿಕೊಂಡು ಬಂದೆ.

ಅಣ್ಣ ನಮ್ಮ ಮನೆಯ ಬಾಗಿಲಲ್ಲೇ ನನ್ನ ಕೈಯಲ್ಲಿದ್ದ ಪೇಪರ್ ನೋಡಿದ. "ಸಿಕ್ತಾ?" ಎಂದ. ಅವನ ಮುಖ ನೋಡಿದೊಡನೆ ನನಗೆ ಎಲ್ಲ ಗೊತ್ತಾಯಿತು.

"ನಿಂಗೆ ಗೊತ್ತಿತ್ತೇನಣ್ಣ?"

"ಠಾಣೆಯಾಗೆ ನನ್ ಕೈಗೇ ಕೊಟ್ರು. ಗಟ್ಟಿಯಾಗಿ ಓದ್ಲಾ, ನಿಮ್ಮೋರೇ ಬರ್ದವ್ರೆ ಅಂದ್ರು. ಓದ್ದೆ. ಅಮ್ಮಂದು ಬತ್ತಲ್ಲ, ಆ ಸಾಲು ಬಂದಾಗ ಎಲ್ರೂ ನಕ್ರು." ಅವನು ದನಿ ತಗ್ಗಿಸಿದ. "ಅವ್ಳಿಗೆ ಏಳ್ಬೇಡ ಕಣೇ. ತನ್ ಬಾಯಿಂದ್ಲೇ ಇಂಗಾಯ್ತು ಅಂತ ಸತ್ತೋಗ್ತಾಳೆ."

ಇಷ್ಟು ವರ್ಷ ಕೃತಜ್ಞತೆ ಇಲ್ಲದವನು ಎಂದು ಬೈಸಿಕೊಂಡು ಓಡಾಡಿದ್ದು ಇದಕ್ಕೆ. ನಾನು ಹೊಸಿಲ ಮೇಲೆ ಕೂತು ಅತ್ತೆ. ಅವನು ಮಾರನೆಯ ದಿನ ಒಬ್ಬನೇ ಬಂಗಾರಪೇಟೆ ಕಡೆ ಹೋಗಿ ಹುಡುಗಿಯ ತಂದೆಗೆ ನಡೆದದ್ದನ್ನು ನಡೆದಂತೆ ಹೇಳಿ ಬಂದ. "ಕೇಸ್ ಒಡ್ದೋಗೈತಲ್ಲ, ಬುಡಪ್ಪ. ಪೇಪರ್ ಯಾಕೆ?" ಎಂದರಂತೆ ಅವರು. ಅಪ್ಪ ಮಾತ್ರ ನಾನು ತಂದ ಪೇಪರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಪಟದ ಹಿಂದೆ ಇಟ್ಟರು. ಮಾಮ ಎದ್ದು ಓಡಾಡುವಂತಾದ ಮೇಲೆ ಅವರ ಬಾಯಲ್ಲೇ ಮತ್ತೊಮ್ಮೆ ಕೇಳುವ ಆಸೆ ಅವರದು.

ಮಾಮ ಏಳಲಿಲ್ಲ. ಅಣ್ಣನ ಮದುವೆಗೆ ಮೊದಲೇ ತೀರಿಕೊಂಡರು. ಹನ್ನೊಂದನೆಯ ದಿನ ಲೈನಿನವರು ಕಟಿಂಗ್ ಶಾಪಿನ ಮುಂದೆ ಅವರ ಫೋಟೋ ಇಟ್ಟು ಹೂವು ಹಾಕಿದರು. ಅಪ್ಪ ಆ ಕವರ್ ಹಿಡಿದು ಬಂದರು. "ಅಮ್ಮಣ್ಣಿ, ಅವ್ರು ಕಲ್ಸಿದ್ ಓದು ನಿಂದು. ಎಲ್ರಿಗೂ ಕೇಳಂಗೆ ಓದು" ಎಂದರು. ಕವರಿನಿಂದ ಪೇಪರ್ ತೆಗೆದೆ. ಮುಂದಿನ ಸಾಲಿನಲ್ಲಿ ಅಮ್ಮ ಸೆರಗು ಹೊದ್ದು ಕೂತಿದ್ದಳು. ಅಣ್ಣ ಕಪ್ಪು ಗುರುತುಗಳ ಆ ಕಂಬದ ಪಕ್ಕ ನಿಂತಿದ್ದ.

ಹೆಬ್ಬೆರಳನ್ನು ಸಾಲಿನ ಕೆಳಗಿಟ್ಟೆ. ಅಕ್ಷರಗಳು ಕಾಣುತ್ತಿದ್ದವು, ದನಿ ಹೊರಡಲಿಲ್ಲ. ದುಃಖಕ್ಕೆ ನನ್ನಿಂದ ಓದಲಾಗುತ್ತಿಲ್ಲ ಎಂದುಕೊಂಡು ಅಪ್ಪ ತಾವೇ ಶುರುಮಾಡಿದರು. "ಬೀದಿಯಲ್ಲಿ ಹೊಡೆದಾಡಿದ್ದು ಎರಡು ಗುಂಪು..." ಮಾಮನ ಹಕಾರಗಳನ್ನು ಒಂದೂ ಬಿಡದೆ, ಅವರದೇ ದನಿಯಲ್ಲಿ. ನಾನು ಬೆರಳನ್ನು ಎಡದಿಂದ ಬಲಕ್ಕೆ ಜಾರಿಸುತ್ತಾ ಹೋದೆ. ಹಿಂದಿನಿಂದ ಯಾರೋ "ಅಪ್ಪುರಂ?" ಎಂದರು. ಒಂದೇ ಸಮ ನೋಡುವ ಕಣ್ಣಿನ ಮಾತು ಮುಗಿಸಿ ಅಪ್ಪ ಕಣ್ಣೊರೆಸಿಕೊಂಡರು. ಆಮೇಲೆ ಪೇಪರಿನ ಕಡೆ ಬಗ್ಗಿ ನೋಡಿದರು.

"ಕೆಳಗಡೆ ಇನ್ನೂ ಐತಲ್ಲಮ್ಮ. ಅದೇನು?"

ಅಮ್ಮನ ಮಾತಿದ್ದ ಜಾಗದ ಮೇಲೆ ನನ್ನ ಹೆಬ್ಬೆರಳಿತ್ತು. ಇನ್ನಷ್ಟು ಒತ್ತಿ ಹಿಡಿದೆ.

"ಅಷ್ಟೇ ಅಪ್ಪ. ಮುಗೀತು."

ಎಲ್ಲರೂ ಎದ್ದು ಹೋದ ಮೇಲೆ ಅಣ್ಣ ಶಾಪಿನ ಮಗ್ಗಿನಲ್ಲಿ ನೀರು ತಂದ. ನನ್ನ ಕೈ ಹಿಡಿದು, ಕಂಬಕ್ಕೆ ಒರೆಸಲು ಬಿಡದೆ, ತಾನೇ ನೀರು ಹಾಕಿ ಆ ಬೆರಳನ್ನು ತೊಳೆದ.