ಅಕ್ಕನ ಗಂಟಿನ ಹಿಂದಿದ್ದ ಫಿಲ್ಟರ್

ಕಾರು ತಂದ ದಿನ ಅದಕ್ಕೆ ಪೂಜೆ ಮಾಡಿದವಳು ನನ್ನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಕಂಪಲಾಪುರಕ್ಕೆ ಮದುವೆಯಾಗಿ ಹೋಗುವಾಗ ಸೊಂಟದ ಮೇಲೆ ನನ್ನನ್ನೂ ಕೂರಿಸಿಕೊಂಡೇ ಹೋದಳಂತೆ. ಅವಳು ಚಕ್ರದಡಿ ನಿಂಬೆಹಣ್ಣು ಇಟ್ಟಳು, ದೇವರ ಹೂವು ಕುಂಕುಮವನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಇಟ್ಟಳು. "ಇದ್ನ ಯಾರ ಕೈಗೂ ಮುಟ್ಟುಸ್ಬ್ಯಾಡ ಕಣ್ಲಾ," ಅಂದಳು. ಅವತ್ತಿನಿಂದ ಆ ಖಾನೆ ದೇವರ ಮನೆಯಾಯಿತು. ಕಾರಿನ ಕಾಗದಪತ್ರ ಬಾಗಿಲಿನ ಸಂದಿಗೆ ಹೋದವು.

ಹುಣಸೂರಿನ ಗ್ಯಾರೇಜಿಗೆ ಸರ್ವೀಸಿಗೆ ಬಿಟ್ಟಾಗಲೆಲ್ಲ ಅಲ್ಲಿನ ಮೆಕ್ಯಾನಿಕ್ ಒಂದೇ ಮಾತು ಹೇಳುತ್ತಿದ್ದ. "ಸಾರ್, ಒಳಗೆ ಬರೋ ಗಾಳಿ ಸೋಸೋ ಎಸಿ ಫಿಲ್ಟರ್ ಬದಲಾಯಿಸ್ಬೇಕು. ವರ್ಷಕ್ಕೊಂದ್ಸಲನಾದ್ರೂ ಹೊಸದು ಹಾಕ್ಬೇಕು. ಈ ಖಾನೆ ಬಿಚ್ಚುದ್ರೆ ಹಿಂದೇನೇ ಅದೆ, ಐದು ನಿಮಿಷದ ಕೆಲಸ." ಅವನ ಕೈಯೆಲ್ಲ ಗ್ರೀಸು, ಕಾಲಲ್ಲಿ ಚಪ್ಪಲಿ. ನನಗೆ ಮೈ ಉರಿಯುತ್ತಿತ್ತು. "ದೇವ್ರ ಗಂಟೈತೆ ಕಣಯ್ಯ, ಅದ್ರ ತಂಟೆಗೆ ಹೋಗ್ಬ್ಯಾಡ. ಇಂಜಿನ್ ಫಿಲ್ಟರ್ ಬದಲಾಯಿಸಿದ್ದೀಯಲ್ಲ, ಸಾಕು ಬುಡು," ಅನ್ನುತ್ತಿದ್ದೆ. ಗಂಟನ್ನು ನನ್ನ ಕೈಯಾರೆ ಎತ್ತಿ ಐದು ನಿಮಿಷ ಹಿಡಿದುಕೊಂಡಿದ್ದರೆ ಆಗುತ್ತಿತ್ತು. ಅಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹಟಕ್ಕೆ ಬಿದ್ದು ಬೇಡ ಅನ್ನುತ್ತಿದ್ದೆನೇನೋ.

ನಮ್ಮದು ಪಿರಿಯಾಪಟ್ಟಣದ ಪಕ್ಕದ ಊರು, ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನಿಗೂ, ಬೆಂದ ಎಲೆಯನ್ನು ವಿಂಗಡಿಸುವ ಶೆಡ್ಡಿಗೂ ನಡುವೆ ಒಂದು ತಗಡಿನ ಇಳಿಜಾರು ಚಪ್ಪರವಿದೆ. ಕಾರು ನಿಲ್ಲುತ್ತಿದ್ದದ್ದು ಅಲ್ಲೇ. ಅಕ್ಕ ಎಷ್ಟೋ ವರ್ಷ ಆ ಶೆಡ್ಡಿನಲ್ಲಿ ಕೂತು ಎಲೆ ವಿಂಗಡಿಸಿದವಳು. ಕೊನೆಗೆ ಉಬ್ಬಸ ಹಿಡಿಯಿತು. ಮೈಸೂರಿನ ಡಾಕ್ಟರು, ಸೊಪ್ಪಿನ ಧೂಳಿನ ಹತ್ತಿರಕ್ಕೂ ಹೋಗಕೂಡದು ಅಂದರು. ಆಮೇಲೆ ನಾನು ಅವಳನ್ನು ಶೆಡ್ಡಿನ ಕಡೆ ಸುಳಿಯಲು ಬಿಡಲಿಲ್ಲ. ಬಂದರೆ ಗದರಿ ಕಳಿಸುತ್ತಿದ್ದೆ. ತಿಂಗಳಿಗೊಮ್ಮೆ ಅವಳನ್ನು ಕಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತು.

ಅವಳು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ರಸ್ತೆಯ ಧೂಳು ಬೇಡವೆಂದು ನಾನು ಗಾಜು ಏರಿಸಿ, ಅವಳು ಇಳಿಸದಂತೆ ನನ್ನ ಕಡೆಯಿಂದ ಲಾಕ್ ಮಾಡುತ್ತಿದ್ದೆ. ಎಸಿ ಜೋರು ಮಾಡಿ ಗಾಳಿಯ ಕಿಂಡಿಗಳನ್ನೆಲ್ಲ ಅವಳ ಮುಖದ ಕಡೆಗೇ ತಿರುಗಿಸುತ್ತಿದ್ದೆ. ಹುಣಸೂರು ಸಿಗುವ ಹೊತ್ತಿಗೆ ಕೆಮ್ಮು ಶುರುವಾಗುತ್ತಿತ್ತು. "ಗಾಜು ವಸಿ ಇಳ್ಸಪ್ಪ," ಅನ್ನುತ್ತಿದ್ದಳು. ಒಂದು ದಿನ ಕೆಮ್ಮಿ ಕೆಮ್ಮಿ ಅವಳ ಕಣ್ಣಲ್ಲಿ ನೀರು ಬಂತು. ನಾನು ರೇಗಿದೆ. "ಇಷ್ಟು ತಣ್ಣಗೆ ಕರ್ಕೊಂಡೋಯ್ತಾ ಇವ್ನಿ, ಅದುಕ್ಕೂ ಕೊಂಕು ತೆಗಿತೀಯಲ್ಲಕ್ಕ." ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಮುಂದಿನ ತಿಂಗಳು ಕರೆಯಲು ಹೋದರೆ ಅವಳು ಬರಲಿಲ್ಲ. "ಬಸ್ಸಲ್ಲೇ ಹೋಯ್ತೀನಿ ಬುಡು. ನಿನ್ ಕಾರು ಚಂದಾಗೈತೆ ಕಣಪ್ಪ, ಒಳಗೆ ನಂಗೆ ಉಸ್ರು ಕಟ್ತದೆ," ಅಂದಳು. ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ನನಗೆ ಮಾತ್ರ ಅದು ಮುಖಕ್ಕೆ ಹೊಡೆದಂತಾಯಿತು. ಊರಿನವರ ಮುಂದೆ ನನ್ನ ಮರ್ಯಾದೆ ಕಳೆಯುತ್ತಿದ್ದಾಳೆ ಅಂದುಕೊಂಡು ಮಾತು ಬಿಟ್ಟೆ.

ಒಂದು ಬೆಳಿಗ್ಗೆ ಮೈಸೂರಿಗೆ ಹೊರಟಿದ್ದೆ, ಒಬ್ಬನೇ. ಕಂಪಲಾಪುರದ ಬಸ್ ಸ್ಟಾಪಿನಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಆಸ್ಪತ್ರೆಯ ಚೀಟಿಗಳ ಬ್ಯಾಗು. ಕಾರು ಕಂಡು ಒಂದು ಹೆಜ್ಜೆ ಮುಂದೆ ಬಂದಳು. ನಾನು ನೋಡದವನ ಹಾಗೆ ಬಲಕ್ಕೆ ಮುಖ ತಿರುಗಿಸಿ ಹೋಗಿಬಿಟ್ಟೆ. ಹಾಳಾದ ಕೋಪ. ಕನ್ನಡಿಯಲ್ಲಿ ಅವಳು ಮತ್ತೆ ಹಿಂದಕ್ಕೆ ಸರಿದು ನಿಂತದ್ದನ್ನು ನೋಡಿದೆ.

ಚಳಿಗಾಲದಲ್ಲಿ ಅವಳು ಹೋದಳು. ಮಾತು ಬಿಟ್ಟದ್ದು ಬಿಟ್ಟ ಹಾಗೇ ಉಳಿಯಿತು.

ತಿಥಿ ಮುಗಿದ ಮೇಲೆ, ಅವಳ ಕೈಯ ಗಂಟು ಕಾರಿನಲ್ಲಿ ಯಾಕೆ ಅಲೆಯಬೇಕು ಅನ್ನಿಸಿ ತೆಗೆದು ದೇವರ ಕೋಣೆಯಲ್ಲಿಟ್ಟೆ. ಆಮೇಲೆ ಸರ್ವೀಸಿಗೆ ಹೋದಾಗ ಖಾನೆ ಖಾಲಿ ಇರುವುದನ್ನು ನೋಡಿ ಮೆಕ್ಯಾನಿಕ್, "ಈಗ ಬಿಚ್ಲಾ ಸಾರ್?" ಅಂದ. ತಲೆಯಾಡಿಸಿದೆ. ಖಾನೆಯ ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿದ, ಅದು ಕೆಳಕ್ಕೆ ಜೋತುಬಿತ್ತು. ಹಿಂದಿನ ಚಿಕ್ಕ ಮುಚ್ಚಳ ಕಳಚಿ, ಒಳಗಿದ್ದ ಫಿಲ್ಟರನ್ನು ಮೆಲ್ಲಗೆ ಎಳೆದ. ಬಿಳಿ ಇರಬೇಕಾದ ಅದರ ಕಾಗದದ ಮಡಿಕೆಗಳು ಕಪ್ಪಾಗಿದ್ದವು. ಒಂದು ಮೂಲೆ ಹರಿದು ತೂತಾಗಿತ್ತು. ಮಡಿಕೆಗಳ ಸಂದಿಯಲ್ಲೆಲ್ಲ ಬ್ಯಾರನ್ನಿನ ಬೂದಿ, ಹೊಗೆಸೊಪ್ಪಿನ ಪುಡಿ. ಕೊಡವಿದಾಗ ಬಂದದ್ದು ನಮ್ಮ ಶೆಡ್ಡಿನ ಘಾಟು. ಮೆಕ್ಯಾನಿಕ್ಕೇ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ.

ಇದೇ ಅವಳನ್ನು ಕೊಂದಿತು ಅಂತ ನಾನು ಹೇಳಲಾರೆ. ಅವಳ ಎದೆ ಮೊದಲೇ ಹಾಳಾಗಿತ್ತು. ಆದರೆ ಯಾವ ಧೂಳು ಸೋಕಬಾರದೆಂದು ಅವಳನ್ನು ಶೆಡ್ಡಿನಿಂದ ಗದರಿ ಓಡಿಸಿದೆನೋ, ಅದೇ ಧೂಳನ್ನು ಗಾಜು ಲಾಕ್ ಮಾಡಿ, ಕಿಂಡಿ ತಿರುಗಿಸಿ, ಪ್ರತಿ ತಿಂಗಳೂ ಅವಳ ಮುಖಕ್ಕೆ ಊದಿದವನು ನಾನು.

ಹೊಸ ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತಿತ್ತು. ಗಾಳಿ ಹೋಗುವ ಕಡೆಗೆ ಅದು ಇರಬೇಕು ಅಂತ ತೋರಿಸಿ ಮೆಕ್ಯಾನಿಕ್ ಒಳಗೆ ತಳ್ಳಿದ. "ನಿಮ್ ಕಡೆ ಧೂಳು ಜಾಸ್ತಿ. ಒಂದು ವರ್ಷ ಕಾಯ್ಬೇಡಿ, ಸೊಪ್ಪಿನ ಕೆಲ್ಸ ಮುಗೀತಿದ್ದಂಗೆ ಬದಲಾಯಿಸ್ಕೊಳಿ," ಅಂದ. ಐದು ನಿಮಿಷವೂ ಹಿಡಿಯಲಿಲ್ಲ.

ಊರಿಗೆ ವಾಪಸ್ ಬರುವಾಗ ಕಂಪಲಾಪುರದಲ್ಲಿ ಬಸ್ ಸ್ಟಾಪಿನ ಎದುರು ಕಾರು ನಿಲ್ಲಿಸಿದೆ. ಎಡಗಡೆಯ ಗಾಜಿನ ಲಾಕ್ ತೆಗೆದು, ಪೂರ್ತಿ ಇಳಿಸಿದೆ. ಬಸ್ಸಿಗೆ ನಿಂತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, "ಯಾರ್ಗೆ ಕಾಯ್ತಾ ಇದ್ದೀರಣ್ಣ?" ಅಂತ ಕೇಳಿದಳು.

"ನಮ್ಮಕ್ಕಂಗೆ," ಅಂದುಬಿಟ್ಟೆ.